ಕಾಲೇಜು ವಿದ್ಯಾರ್ಥಿಗಳೂ ಮೊಬೈಲಿನ ಮರ್ಯಾದೆಯೂ

ಮನೆಗೆ ಹೊಸದೊಂದು ವಸ್ತು ಬಂದರೆ ಅದರ ಬೆನ್ನಿಗೇ ಅದನ್ನು ಬಳಸುವ ರೀತಿಯೂ ಬರಬೇಕು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪಿತವಾಗಿ ಹಳ್ಳಿಯ ಮನೆಗಳಲ್ಲಿ ದೀಪಗಳು ಬೆಳಗತೊಡಗಿದಾಗ, ಒದ್ದೆಯ ಕೈಯಿಂದ ಗುಂಡಿಯನ್ನು ಮುಟ್ಟಕೂಡದೆಂದು ಹಿರಿಯರು ಮಕ್ಕಳಿಗೆ ಕಲಿಸಿದರು. ಸೈಕಲ್ಲು ಕೊಡಿಸಿದಾಗ ರಸ್ತೆಯ ಎಡಬದಿಯನ್ನು ಬಿಡಬೇಡವೆಂದು ಎಚ್ಚರಿಸಿದರು. ಆದರೆ ಮೊಬೈಲು ಫೋನು ಬಂದಾಗ ಹೀಗೆ ಕಲಿಸುವವರೇ ಇರಲಿಲ್ಲ. ಅದು ಹಿರಿಯರಿಗೂ ಕಿರಿಯರಿಗೂ ಒಟ್ಟಿಗೇ ಬಂದಿತು. ಕಿರಿಯರು ಅದನ್ನು ನಮಗಿಂತ ಬೇಗ ಕಲಿತರು. ನಾವು ಅವರ ಶಿಷ್ಯರಾದೆವು. ಯಂತ್ರವನ್ನು ಕಲಿಸುವುದಕ್ಕೆ ಗುರು ಸಿಕ್ಕಿದನು, ನಡತೆಯನ್ನು ಕಲಿಸುವ ಗುರುವಿನ ಪೀಠ ಮಾತ್ರ ಬರಿದಾಗಿಯೇ ಉಳಿಯಿತು.

ಮೊದಮೊದಲು ಆ ಪೀಠದಲ್ಲಿ ಹಣವೇ ಕುಳಿತಿತ್ತೆನ್ನಬಹುದು. ನಮ್ಮ ದೇಶದಲ್ಲಿ ಮೊಬೈಲಿನ ಮೊದಲ ಸಂಭಾಷಣೆಯು 1995ನೆಯ ಜುಲೈ 31ರಂದು ಕಲಕತ್ತೆಗೂ ದಿಲ್ಲಿಗೂ ನಡುವೆ ನಡೆಯಿತು. ಅಲ್ಲಿಂದ 2003ರವರೆಗೆ, ಕರೆದವನಷ್ಟೇ ಅಲ್ಲ, ಕರೆಯನ್ನು ಎತ್ತಿದವನೂ ದುಡ್ಡು ತೆರಬೇಕಾಗಿತ್ತು. ಆದುದರಿಂದ ಜನರು ಅಳೆದು ಮಾತಾಡುತ್ತಿದ್ದರು. 2016ರ ತರುವಾಯ ಮಾತೂ ಚಿತ್ರವೂ ಅಗ್ಗವಾದವು; ಮಿತಿಯೂ ತಪ್ಪಿತು. 2020ರಲ್ಲಿ ಕೊರೋನಾ ಬಂದು ಕಾಲೇಜುಗಳ ಬಾಗಿಲು ಮುಚ್ಚಿದಾಗ ಈ ಫೋನೇ ಪಾಠದ ಕೋಣೆಯಾಯಿತು. ಇಂದು ಪರೀಕ್ಷೆಯ ಪ್ರಕಟಣೆ, ವಿದ್ಯಾರ್ಥಿವೇತನದ ಅರ್ಜಿ, ಅಧ್ಯಾಪಕರ ಟಿಪ್ಪಣಿ ಎಲ್ಲವೂ ಅದರಲ್ಲಿಯೇ ಬರುತ್ತವೆ. ವಿದ್ಯಾರ್ಥಿಗೆ ಮೊಬೈಲೇ ಬೇಡವೆಂದು ಹೇಳುವ ಕಾಲವು ಹಿಂದೆ ಉಳಿಯಿತು. ಹೇಗೆ ಬಳಸಬೇಕೆಂಬುದೊಂದೇ ಇನ್ನುಳಿದ ಪ್ರಶ್ನೆ.

ನಮ್ಮ ಪರಿಚಯದ ಅಧ್ಯಾಪಕರೊಬ್ಬರು ಹೇಳಿದ ಸಂಗತಿಯೊಂದು ಈ ಲೇಖನಕ್ಕೆ ಕಾರಣವಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಾಲೇಜುಗಳಿಗೆ ಸುತ್ತಲಿನ ಹಳ್ಳಿಗಳಿಂದ ಮುಂಜಾನೆಯ ಬಸ್ಸು ಹಿಡಿದು ಬರುವ ಮಕ್ಕಳು ಬಹಳ. ಅಂಥ ಹುಡುಗಿಯೊಬ್ಬಳ ಫೋನು ಪಾಠದ ನಡುವೆ ಗಟ್ಟಿಯಾಗಿ ಮೊಳಗಿತು. ತರಗತಿಯು ನಕ್ಕಿತು. ಮೊಳಗಿದ ಫೋನನ್ನು ಒಂದು ವಾರ ಕಚೇರಿಯಲ್ಲಿ ಇಡಬೇಕೆಂಬುದು ಅಲ್ಲಿಯ ನಿಯಮ. ಅಧ್ಯಾಪಕರು ಕೈ ಚಾಚಿದರು. ಹುಡುಗಿಯು ಕಣ್ಣೀರು ತುಂಬಿ, "ಸರ್, ಅಪ್ಪಾರು ಹಚ್ಯಾರ್ರಿ. ಎತ್ತಲಿಲ್ಲಂದ್ರ ನಾಳಿಂದ ಕಾಲೇಜ ಬಿಡಸ್ತಾರ್ರಿ" ಎಂದಳು.

ವಾಚಕರೇ, ಆ ಹುಡುಗಿಯ ಸ್ಥಿತಿಯನ್ನು ತುಸು ಯೋಚಿಸಿರಿ. ಫೋನು ಎತ್ತಿದರೆ ಗುರುವಿನ ಅಪ್ಪಣೆಯನ್ನು ಮೀರಿದಂತೆ. ಎತ್ತದಿದ್ದರೆ ತಂದೆಯ ಅಪ್ಪಣೆಯನ್ನು ಮೀರಿದಂತೆ. ಇತ್ತ ದಂಡ, ಅತ್ತ ವಿದ್ಯೆಗೇ ಸಂಚಕಾರ. ಆ ತಂದೆಯಾದರೂ ಕಠೋರನಲ್ಲ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯ ಹೆಣ್ಣುಮಗಳು ಅವಳು. ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಕುಳಿತಾಗ ಅವನಿಗೆ ಮಗಳ ನೆನಪಾಗುತ್ತಿತ್ತು. ಸುರಕ್ಷಿತವಾಗಿ ಮುಟ್ಟಿದಳೋ ಇಲ್ಲವೋ ಎಂದು ಕರೆಯುತ್ತಿದ್ದನು. ಆ ಹೊತ್ತಿಗೆ ಪಾಠ ನಡೆದಿರುತ್ತದೆಂಬುದನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ.

ಅಧ್ಯಾಪಕರು ಫೋನನ್ನು ಕಸಿದುಕೊಳ್ಳಲಿಲ್ಲ. ಸಂಜೆ ತಾವೇ ಆ ತಂದೆಗೆ ಕರೆ ಮಾಡಿ, ಮೊದಲು ತಮ್ಮ ಹೆಸರು ಹೇಳಿ, ಮಾತಾಡಲು ಬಿಡುವಿದೆಯೇ ಎಂದು ಕೇಳಿ, ಬಳಿಕ ವಿಷಯವನ್ನು ತಿಳಿಸಿದರು. ಪಾಠದ ವೇಳೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮಗಳ ಕೈಯಲ್ಲಿ ಕಳುಹಿಸಿದರು. ಕಾಲೇಜು ಮುಟ್ಟಿದ ಕೂಡಲೇ ಅವಳೇ ಮನೆಗೆ ಕರೆಯುವುದು, ಮರಳಿ ಬಸ್ಸು ಹತ್ತುವಾಗ ಇನ್ನೊಮ್ಮೆ ಕರೆಯುವುದು, ನಡುವೆ ತೀರ ಅವಸರದ ಸಂಗತಿಯಿದ್ದರೆ ಕಾಲೇಜಿನ ಕಚೇರಿಗೆ ತಿಳಿಸುವುದು ಎಂದು ಗೊತ್ತಾಯಿತು. ಆ ಹಾಳೆಯು ಈಗ ಆ ಮನೆಯ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಕೊಂಡಿದೆಯಂತೆ.

ಮೊಬೈಲಿನ ಮರ್ಯಾದೆಯ ವಿಷಯವಾಗಿ ನಾವು ಹೇಳಬೇಕಾದ ಮುಖ್ಯ ಮಾತು ಇದರಲ್ಲಿಯೇ ಅಡಗಿದೆ. ಅದರ ಅರ್ಧ ಪಾಲು ಎತ್ತುವವನದು, ಅರ್ಧ ಪಾಲು ಕರೆಯುವವನದು. ವಿದ್ಯಾರ್ಥಿಗಳನ್ನು ಬೈಯುವ ನಾವು ನಮ್ಮ ಪಾಲನ್ನು ಮರೆಯುತ್ತೇವೆ. ಮೋಟಾರಿನ ಕೀಲಿಕೈ ಎಲ್ಲಿದೆಯೆಂದು ಕೇಳುವುದಕ್ಕೆ ಮಗನನ್ನು ಪಾಠದಿಂದ ಎಬ್ಬಿಸುತ್ತೇವೆ. ಮಾತು ಮುಗಿಯುವುದು ಅರ್ಧ ನಿಮಿಷದಲ್ಲಿ. ಆದರೆ ಒಮ್ಮೆ ಚದರಿದ ವಿದ್ಯಾರ್ಥಿಯ ಲಕ್ಷ್ಯವು ಮರಳಿ ಪಾಠದಲ್ಲಿ ನೆಲೆಗೊಳ್ಳುವುದಕ್ಕೆ 20 ನಿಮಿಷಗಳವರೆಗೆ ಹಿಡಿಯಬಹುದೆಂದು ಯುನೆಸ್ಕೋ ಸಂಸ್ಥೆಯ 2023ರ ಶಿಕ್ಷಣ ವರದಿಯು ಹೇಳುತ್ತದೆ. ಊಟದ ಎಲೆಯ ಮುಂದೆ ಕುಳಿತು ಎಡಗೈಯಲ್ಲಿ ಫೋನು ತಿಕ್ಕುವ ತಂದೆಯ ಬುದ್ಧಿವಾದವನ್ನು ಯಾವ ಮಗನು ಕೇಳಿಯಾನು?

ಇನ್ನು ವಿದ್ಯಾರ್ಥಿಗಳ ಪಾಲು. ಇದಕ್ಕೆ ದೊಡ್ಡ ಶಾಸ್ತ್ರವೇನೂ ಬೇಡ. ಎದುರಿಗಿರುವ ಮನುಷ್ಯನು ದೂರದಲ್ಲಿರುವವನಿಗಿಂತ ಮೊದಲಿಗನು ಎಂಬುದೊಂದನ್ನು ನೆನಪಿಟ್ಟರೆ ಸಾಕು. ಪಾಠದ ಕೋಣೆಯನ್ನೂ ಗ್ರಂಥಾಲಯವನ್ನೂ ಹೊಗುವ ಮೊದಲು ಫೋನಿನ ಸದ್ದಡಗಿಸಬೇಕು. ಗುರುಗಳೊಡನೆ ಮಾತಾಡುವಾಗ ಕಣ್ಣು ಫೋನಿನ ಮೇಲೆ ಇರಕೂಡದು. ಕರೆ ಮಾಡಿದವನು ತಾನೇ "ಯಾರ್ರೀ ನೀವು?" ಎಂದು ಕೇಳುವುದು, ಪರರ ಮನೆಯ ಬಾಗಿಲು ಬಡಿದು ಯಜಮಾನನನ್ನೇ ವಿಚಾರಿಸಿದಂತೆ; ಮೊದಲು ತನ್ನ ಹೆಸರನ್ನೂ ಊರನ್ನೂ ಹೇಳಬೇಕು. ಅಧ್ಯಾಪಕರಿಗೆ ನಡುರಾತ್ರಿ ಸಂದೇಶ ಕಳುಹಿಸಿ ಉತ್ತರಕ್ಕಾಗಿ ಕಾಯುವುದು ಸೌಜನ್ಯವಲ್ಲ.

ಬಸ್ಸಿನ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಮೂಡಲಗಿಯಿಂದ ಗೋಕಾಕಕ್ಕೆ ಬರುವ ಬಸ್ಸಿನಲ್ಲಿ ಆಸ್ಪತ್ರೆಗೆ ಹೊರಟ ಮುದುಕಿಯೂ, ಪರೀಕ್ಷೆಗೆ ಓದುತ್ತಿರುವ ಹುಡುಗನೂ, ರಾತ್ರಿಯ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಮರಳುವ ಕೂಲಿಕಾರನೂ ಒಂದೇ ಕಡೆ ಕುಳಿತಿರುತ್ತಾರೆ. ಅವರ ನಡುವೆ ಒಬ್ಬನು ತನ್ನ ಮೆಚ್ಚಿನ ಹಾಡನ್ನು ಎಲ್ಲರ ಕಿವಿಗೂ ತುಂಬುವುದು ಯಾವ ನ್ಯಾಯ? ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2021ರ ನವೆಂಬರದಲ್ಲಿ, ತನ್ನ ಬಸ್ಸುಗಳಲ್ಲಿ ಮೊಬೈಲಿನ ಸದ್ದನ್ನು ಹೊರಗೆ ಬಿಡಕೂಡದೆಂದೂ, ಹೇಳಿದರೂ ಕೇಳದವರನ್ನು ಕೆಳಗಿಳಿಸಬಹುದೆಂದೂ ಆಜ್ಞೆ ಹೊರಡಿಸಿತು. ನಮ್ಮ ಕಡೆಯ ಬಸ್ಸುಗಳು ವಾಯವ್ಯ ನಿಗಮದವು, ನಿಜ. ಆದರೆ ನಿಗಮ ಬದಲಾದರೆ ಮರ್ಯಾದೆಯೂ ಬದಲಾಗುವುದೇ?

ಎಲ್ಲಕ್ಕೂ ಮಿಗಿಲಾಗಿ ಎಚ್ಚರವಿರಬೇಕಾದದ್ದು ಚಿತ್ರ ತೆಗೆಯುವಲ್ಲಿ. ಮಳೆಗಾಲದಲ್ಲಿ ಘಟಪ್ರಭೆಯು ಗೋಕಾಕದ ಬಳಿ ಸುಮಾರು 52 ಮೀಟರು ಕೆಳಕ್ಕೆ ಧುಮುಕುವ ನೋಟವನ್ನು ನೋಡಲು ವಿದ್ಯಾರ್ಥಿಗಳು ಗುಂಪುಗುಂಪಾಗಿ ಹೋಗುತ್ತಾರೆ. ತೊಯ್ದ ಬಂಡೆಯ ಅಂಚಿಗೆ ಬೆನ್ನು ಮಾಡಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವವನು ತನ್ನ ಜೀವವನ್ನು ಪಣಕ್ಕೆ ಒಡ್ಡುತ್ತಾನೆ. ಕೇಳದೆ ಸಹಪಾಠಿನಿಯ ಚಿತ್ರ ತೆಗೆದು ನಾಲ್ವರಿಗೆ ಕಳುಹಿಸುವವನಾದರೋ ಮತ್ತೊಬ್ಬರ ಬಾಳನ್ನೇ ಪಣಕ್ಕೆ ಒಡ್ಡುತ್ತಾನೆ. ಅವನಿಗೆ ಅದು ವಿನೋದ. ಆ ಚಿತ್ರವು ಹಳ್ಳಿಯ ಕಟ್ಟೆಯನ್ನು ಮುಟ್ಟಿದ ದಿನವೇ ಹುಡುಗಿಯ ಪುಸ್ತಕಗಳು ಗಂಟು ಕಟ್ಟಿ ಅಟ್ಟವನ್ನೇರುತ್ತವೆ. ವರ ನೋಡುವ ಮಾತು ಹೊರಡುತ್ತದೆ. ವ್ಯಕ್ತಿಯ ಮಾನಕ್ಕೆ ಕುಂದು ತರುವ ಗುಪ್ತ ಚಿತ್ರಗಳಿಗೆ ಕಾಯಿದೆಯಲ್ಲಿ ಸೆರೆಮನೆಯ ಶಿಕ್ಷೆಯಿದೆ. ಆದರೆ ನಿಂತುಹೋದ ವಿದ್ಯೆಯನ್ನು ಯಾವ ಕಾಯಿದೆಯೂ ಮರಳಿ ಕೊಡಲಾರದು. ಹೆತ್ತವರಲ್ಲಿಯೂ ನಮ್ಮದೊಂದು ವಿಜ್ಞಾಪನೆ: ತಪ್ಪು ಚಿತ್ರ ತೆಗೆದವನದು, ಶಿಕ್ಷೆ ಚಿತ್ರದಲ್ಲಿದ್ದವಳಿಗೆ ಆಗದಿರಲಿ.

ಬಂದ ಸುದ್ದಿಯನ್ನು ಮುಂದಕ್ಕೆ ತಳ್ಳುವುದರಲ್ಲಿಯೂ ಇದೇ ವಿವೇಕ ಬೇಕು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ವಾಟ್ಸಾಪಿನಲ್ಲಿ ಹಬ್ಬಿ, 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಏನೂ ಅರಿಯದ ತರುಣನೊಬ್ಬನು ಗುಂಪಿನ ಕೈಯಲ್ಲಿ ಪ್ರಾಣ ಬಿಟ್ಟನು. ಅದೇ ತಿಂಗಳಲ್ಲಿ ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂದು ಮಿತಿ ಹಾಕಿದರು. ಕಳುಹಿಸಿದವರಲ್ಲಿ ಯಾರೂ ಕೊಲೆಗಾರರಾಗಬೇಕೆಂದು ಬಯಸಿರಲಿಕ್ಕಿಲ್ಲ. ನಿಜವೇ ಎಂದು ಒಂದು ಕ್ಷಣ ನಿಂತು ಕೇಳಲಿಲ್ಲ, ಅಷ್ಟೇ.

ಮನೆಯ ಹಿರಿಯರು ಈ ತಿಂಗಳು ಒಂದು ಕೆಲಸ ಮಾಡಿ ನೋಡಲಿ. ಮಕ್ಕಳಿಂದ ಪಾಠದ ವೇಳೆಗಳನ್ನು ಬರೆಯಿಸಿ ಗೋಡೆಗೆ ಅಂಟಿಸಲಿ. ಆ ವೇಳೆಯಲ್ಲಿ ತಾವು ಕರೆಯದಿರಲಿ. ರಾತ್ರಿಯ ಊಟಕ್ಕೆ ಕೂಡುವಾಗ ಮನೆಯ ಫೋನುಗಳನ್ನೆಲ್ಲ, ಮೊದಲು ಯಜಮಾನನದನ್ನು, ಮಾಡದಲ್ಲಿಟ್ಟು ಬರಲಿ. ಬುದ್ಧಿವಾದದ ಮಾತು ಅನಂತರ ಬೇಕಾದರೆ ಆಡಬಹುದು, ಬಹುಶಃ ಬೇಕಾಗಲಿಕ್ಕಿಲ್ಲ.