‘ಶಾರ್ಟ್’ ಎಂಬ ಕಡಿತ

ತಿಂಗಳ ಮೊದಲ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡುತ್ತಿರಲಿಲ್ಲ. ತಮ್ಮ ಆಗ ಒಬ್ಬ ಡಿಸ್ಟ್ರಿಬ್ಯೂಟರ್ ಬಳಿ ಸೇಲ್ಸ್‌ಮನ್. ಬಿಸ್ಕತ್ತು, ಸಾಬೂನು, ಚಹಾಪುಡಿಯ ಆರ್ಡರ್ ಹಿಡಿಯುವುದು, ಮಾಲು ಇಳಿಸುವುದು, ಹಣ ವಸೂಲಿ ಮಾಡುವುದು, ಎಲ್ಲವೂ ಅವನೇ. ಒಂದು ದಿನ ಮುದಗಲ್ ಪೇಟೆ, ಒಂದು ದಿನ ಲಿಂಗಸುಗೂರು, ಇನ್ನೊಂದು ದಿನ ಮಸ್ಕಿ. ಬೆಳಿಗ್ಗೆ ಎಂಟಕ್ಕೆ ಹೊರಟವನು ಲೆಕ್ಕ ಒಪ್ಪಿಸಿ ಮನೆಗೆ ಬರುವಾಗ ರಾತ್ರಿ ಹತ್ತು.

ಸಂಬಳ ಹತ್ತು ಸಾವಿರ ಎಂದು ಹೇಳಿಯೇ ಸೇರಿಸಿಕೊಂಡಿದ್ದರು. ಕೈಗೆ ಬರುತ್ತಿದ್ದುದು ಒಮ್ಮೆ ಏಳು, ಒಮ್ಮೆ ಆರೂವರೆ. ಕೇಳಿದರೆ, “ಶಾರ್ಟ್ ಬಿದ್ದಿದೆ ಆಪಾ” ಎಂದು ತಲೆ ತಗ್ಗಿಸುತ್ತಿದ್ದ.

ಈ ಶಾರ್ಟ್ ಎಂದರೇನು? ಒಡೆದ ಪೊಟ್ಟಣ, ಅವಧಿ ಮುಗಿದ ಮಾಲು, ಎಲ್ಲಕ್ಕಿಂತ ಹೆಚ್ಚಾಗಿ ಅಂಗಡಿಯವರ ಉದ್ರಿ. ನಮ್ಮ ಕಡೆ ಹತ್ತಿ, ತೊಗರಿ ಮಾರಿದ ಮೇಲೆ ರೈತ ಅಂಗಡಿಯವನಿಗೆ ಕೊಡಬೇಕು, ಅಂಗಡಿಯವನು ತಮ್ಮನಿಗೆ ಕೊಡಬೇಕು. ಮಾಲೀಕರ ಪುಸ್ತಕ ಅಲ್ಲಿಯವರೆಗೆ ಕಾಯುವುದಿಲ್ಲ. ತಿಂಗಳ ಕೊನೆಗೆ ಟಾರ್ಗೆಟ್ ತುಂಬಿಸಲು ಅಂಗಡಿಗಳಿಗೆ ಮಾಲು ತುರುಕಿಸುವವರು ಅವರೇ, ಅದು ಮಾರಾಟವಾಗದೆ ಉಳಿದರೆ ಸಂಬಳದಲ್ಲಿ ಮುರಿಯುವವರೂ ಅವರೇ. ಮಾಲೀಕರಿಗೂ ಕಂಪನಿಯ ಒತ್ತಡವಿದೆ, ಲಾಭದ ಅಂಚು ಸಣ್ಣದು ಎಂಬುದು ನಿಜ. ಆದರೆ ವ್ಯಾಪಾರದ ನಷ್ಟವನ್ನು ಹತ್ತು ಸಾವಿರದ ಹುಡುಗನ ತಲೆಗೆ ಕಟ್ಟುವುದು ಯಾವ ನ್ಯಾಯ? ಮಜೂರಿ ತಡಮಾಡದೆ ಕೊಡಿ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು.

ಕಾನೂನು ಕೂಡ ಸುಮ್ಮನಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ನಿಯಮವೇ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ. ನೌಕರನ ವಶಕ್ಕೆ ಒಪ್ಪಿಸಿದ ಮಾಲು ಅಥವಾ ಹಣ ಅವನದೇ ನಿರ್ಲಕ್ಷ್ಯದಿಂದ ಹೋಗಿದ್ದರೆ ಮಾತ್ರ ಕಡಿತ ಮಾಡಬಹುದು. ಅದಕ್ಕೂ ಮೊದಲು ಅವನ ಮಾತು ಕೇಳಬೇಕು. ಎಲ್ಲ ಕಡಿತ ಸೇರಿ ಸಂಬಳದ ಅರ್ಧ ಮೀರುವಂತಿಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು, ಕೆಲಸ ಬಿಟ್ಟರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಚುಕ್ತಾ ಆಗಬೇಕು. ಸಂಬಳದ ಚೀಟಿ ಕೊಡುವುದು ಮಾಲೀಕರ ಹೊಣೆ. ಬಾಕಿ ಕೇಳಿ ಅರ್ಜಿ ಹಾಕಲು ಈಗ ಮೂರು ವರ್ಷದ ಅವಕಾಶವಿದೆ. ಎಲ್ಲಿ ಹಾಕಬೇಕೆಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ತಿಳಿಸುತ್ತಾರೆ.

ಆಗ ನಮಗೆ ಇದೊಂದೂ ಗೊತ್ತಿರಲಿಲ್ಲ. ನಮ್ಮ ಬಳಿ ಇದ್ದದ್ದು ಅಮ್ಮಿಯ ಹಾಲಿನ ಲೆಕ್ಕದ ಪುಸ್ತಕ. ಓದು ಹೆಚ್ಚಿಲ್ಲದಿದ್ದರೂ ಮಗ ಕೈಗಿಟ್ಟ ಹಣವನ್ನು ತಾರೀಖಿನ ಸಮೇತ ಅದರಲ್ಲಿ ಬರೆಯುತ್ತಿದ್ದರು. ತಮ್ಮ ಕೆಲಸ ಬಿಟ್ಟಾಗ ಅದನ್ನೇ ಹಿಡಿದು ಗೋದಾಮಿಗೆ ಹೋದೆವು. ಹದಿನಾಲ್ಕು ತಿಂಗಳ ಲೆಕ್ಕ ನೋಡಿ ಮಾಲೀಕರು ಚಹಾ ತರಿಸಿದರು. ಮಾತು ಬೆಳೆಯಿತು. ಕೊನೆಗೆ ಒಂಬತ್ತು ಸಾವಿರ ಕೊಟ್ಟರು, ಉಳಿದದ್ದು ಹೋಯಿತು.

ಕೆಲಸಕ್ಕೆ ಸೇರುವಾಗ ತಮ್ಮನಿಂದ ಸಹಿ ಮಾಡಿಸಿಕೊಂಡಿದ್ದ ಖಾಲಿ ಚೆಕ್ಕಿಗಾಗಿ ಮಾತ್ರ ಇನ್ನೂ ನಾಲ್ಕು ಸಲ ಅಲೆಯಬೇಕಾಯಿತು. ಮೊಹರಂ ಕಳೆದ ಮರುವಾರ ಲೆಕ್ಕ ಬರೆಯುವವರು ಅದನ್ನು ಮನೆಗೇ ತಂದುಕೊಟ್ಟರು. ಅಮ್ಮಿ ಎರಡು ಸಲ ತಿರುಗಿಸಿ ನೋಡಿ, ಒಲೆಗೆ ಹಾಕಿದರು.