ಹಲ್ಲೋ, ಚರ್ಮದ ಫಲಕವೋ: ಕಡಲ ಪದರಗಳಲ್ಲಿ ಉಳಿದ ಮೀನುಗಳ ಗುರುತು

ಶಾರ್ಕ್ ಮತ್ತು ರೇ ಮೀನುಗಳ ಅಸ್ಥಿಪಂಜರ ಮೂಳೆಯದ್ದಲ್ಲ. ಅದು ಮನುಷ್ಯರ ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿಯಿಂದ ಆದದ್ದಾಗಿರುವುದರಿಂದ ಮೀನು ಸತ್ತ ಮೇಲೆ ಬಹುಮಟ್ಟಿಗೆ ಕೊಳೆತುಹೋಗುತ್ತದೆ. ಸಾಮಾನ್ಯವಾಗಿ ಉಳಿಯುವುದು ಕ್ಯಾಲ್ಸಿಯಂ ಫಾಸ್ಫೇಟಿನಿಂದ ಗಟ್ಟಿಗೊಂಡ ಹಲ್ಲುಗಳು ಮತ್ತು ಚರ್ಮದಲ್ಲಿ ಹುದುಗಿದ ಫಲಕಗಳು. ಶಾರ್ಕ್ ಬಾಳಿನುದ್ದಕ್ಕೂ ಹಳೆಯ ಹಲ್ಲುಗಳನ್ನು ಉದುರಿಸುತ್ತ ಹಿಂದಿನ ಸಾಲುಗಳನ್ನು ಮುಂದಕ್ಕೆ ತರುತ್ತದಾದ್ದರಿಂದ ಒಂದೇ ಮೀನು ಸಾವಿರಾರು ಹಲ್ಲುಗಳನ್ನು ಕಡಲತಳಕ್ಕೆ ಬಿಟ್ಟುಹೋಗಬಲ್ಲದು.

ಮಾಲ್ಟಾ ದ್ವೀಪದ ಬಂಡೆಗಳಲ್ಲಿ ದೊರೆಯುವ ಇಂಥ ಹಲ್ಲುಗಳನ್ನು ಯುರೋಪಿನ ಜನ ಬಹುಕಾಲ ಕಲ್ಲಾದ ನಾಲಿಗೆಗಳೆಂದು ನಂಬಿ ವಿಷಕ್ಕೆ ಮದ್ದಾಗಿ ಬಳಸುತ್ತಿದ್ದರು. 1666ರಲ್ಲಿ ಇಟಲಿಯ ಲಿವೊರ್ನೊ ಬಳಿ ಹಿಡಿದ ದೊಡ್ಡ ಶಾರ್ಕಿನ ತಲೆಯನ್ನು ಕೊಯ್ದು ಪರೀಕ್ಷಿಸಿದ ಅಂಗರಚನಾಶಾಸ್ತ್ರಜ್ಞ ನಿಕೊಲಸ್ ಸ್ಟೆನೊ, ಅದರ ಹಲ್ಲುಗಳಿಗೂ ಆ ಕಲ್ಲುಗಳಿಗೂ ಇರುವ ಹೋಲಿಕೆಯನ್ನು ಮರುವರ್ಷ ಪ್ರಕಟಿಸಿದನು.

ಗುರುತಿಸುವ ಕೆಲಸದ ಕಷ್ಟವನ್ನು ಅಮೆರಿಕದ ಮೇರಿಲ್ಯಾಂಡಿನಲ್ಲಿ ಚೆಸಪೀಕ್ ಕೊಲ್ಲಿಯ ಪಶ್ಚಿಮ ದಡದುದ್ದಕ್ಕೂ ನಿಂತಿರುವ ಕ್ಯಾಲ್ವರ್ಟ್ ಪ್ರಪಾತಗಳು ಚೆನ್ನಾಗಿ ತೋರಿಸುತ್ತವೆ. ಸುಮಾರು 1.8 ಕೋಟಿಯಿಂದ 80 ಲಕ್ಷ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನಲ್ಲಿ ಶೇಖರಗೊಂಡ ಈ ಮರಳು ಮತ್ತು ಜೇಡಿಯ ಪದರಗಳು ಸವೆದಂತೆಲ್ಲ ಹಲವು ಜಾತಿಯ ಮೀನುಗಳ ಅವಶೇಷಗಳು ಒಟ್ಟಾಗಿ ದಡಕ್ಕೆ ಬೀಳುತ್ತವೆ.

ಮೊದಲು ತೀರ್ಮಾನವಾಗಬೇಕಾದದ್ದು ಕೈಯಲ್ಲಿರುವುದು ಹಲ್ಲೋ ಫಲಕವೋ ಎಂಬುದು, ಮತ್ತು ಇದು ತೋರುವಷ್ಟು ಸುಲಭವಲ್ಲ. ಶಾರ್ಕಿನ ಚರ್ಮವನ್ನು ಮರಳುಕಾಗದದಂತೆ ಒರಟಾಗಿಸುವ ಸೂಕ್ಷ್ಮ ಹುರುಪೆಗಳ ರಚನೆಯೂ ಹಲ್ಲಿನದೇ: ಒಳಗೆ ತಿರುಳಿನ ಪೊಳ್ಳು, ಸುತ್ತ ಡೆಂಟೀನ್ ಎಂಬ ದಂತದ್ರವ್ಯ, ಮೇಲೆ ಎನಾಮೆಲ್‌ನಂಥ ಹೊಳೆಯುವ ಹೊದಿಕೆ. ಆದರೆ ಹಲ್ಲಿನ ಬೇರು ಅನೇಕ ಶಾರ್ಕ್‌ಗಳಲ್ಲಿ ಎರಡು ಕವಲಾಗಿರುತ್ತದೆ. ಹುರುಪೆಗಾದರೋ ಅಂಥ ಕವಲುಗಳಿಲ್ಲದೆ, ಚರ್ಮದೊಳಗೆ ಕೂರುವ ಅಗಲವಾದ ತಳ ಮಾತ್ರ ಇರುತ್ತದೆ. ಬಹುಪಾಲು ಹುರುಪೆಗಳು ಒಂದು ಮಿಲಿಮೀಟರಿಗಿಂತ ಚಿಕ್ಕವಾದ್ದರಿಂದ ಮಣ್ಣನ್ನು ನೀರಿನಲ್ಲಿ ಜರಡಿ ಹಿಡಿದು ಸೂಕ್ಷ್ಮದರ್ಶಕದ ಕೆಳಗೆ ಹುಡುಕಬೇಕಾಗುತ್ತದೆ. ಕೆಲವು ರೇ ಮೀನುಗಳ ಬೆನ್ನಿನ ಫಲಕಗಳು ಮಾತ್ರ ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಅವುಗಳ ದುಂಡು ತಳದ ನಡುವಿನ ಮುಳ್ಳು ಮುರಿದುಹೋಗಿದ್ದರೆ ಅವನ್ನು ಬೆಣಚುಕಲ್ಲೆಂದು ಎಸೆಯುವವರೇ ಹೆಚ್ಚು.

ಸ್ಟರ್ಜನ್ ಮೀನಿನ ಫಲಕಗಳು ಬೇರೆಯೇ ಬಗೆಯವು. ಅವು ಅಪ್ಪಟ ಮೂಳೆ. ನಡುವೆ ಎದ್ದು ಕಾಣುವ ಏಣು, ಹೊರಮೈಯಲ್ಲಿ ಕುಳಿ ಮತ್ತು ಗೆರೆಗಳು, ಒಳಮೈ ನಯ. ಇವನ್ನು ಆಮೆಯ ಚಿಪ್ಪಿನ ತುಂಡುಗಳೆಂದು ತಪ್ಪಾಗಿ ತಿಳಿಯುವುದು ಸಾಮಾನ್ಯವಾದರೂ, ಆಮೆಯ ಫಲಕಗಳ ಅಂಚಿನಲ್ಲಿ ಒಂದಕ್ಕೊಂದು ಬೆಸೆದಿದ್ದ ಅಂಕುಡೊಂಕು ಕೂಡುಗೆರೆ ಹೆಚ್ಚಾಗಿ ಉಳಿದಿರುತ್ತದೆ.

ಹಲ್ಲೆಂದು ಖಚಿತವಾದ ಮೇಲೂ ಜಾತಿಯ ಹೆಸರಿಗೆ ಅವಸರಪಡಬಾರದು. ಹೆಮಿಪ್ರಿಸ್ಟಿಸ್ ಎಂಬ ಶಾರ್ಕಿನ ಮೇಲ್ದವಡೆಯ ಹಲ್ಲು ಅಗಲವಾಗಿ, ತುದಿಯೊಂದನ್ನು ಬಿಟ್ಟು ಅಂಚಿನುದ್ದಕ್ಕೂ ದಪ್ಪ ಗರಗಸ ಹೊಂದಿದ್ದರೆ, ಕೆಳದವಡೆಯ ಮುಂಭಾಗದ ಹಲ್ಲು ಸಪುರವಾಗಿ ಚೂಪಾಗಿರುತ್ತದೆ. ಅರಿಯದವರು ಇವೆರಡನ್ನೂ ಬೇರೆ ಮೀನುಗಳದೆಂದೇ ಎಣಿಸುತ್ತಾರೆ. ಚಿಪ್ಪುಗಳನ್ನು ಅರೆದು ತಿನ್ನುವ ಹದ್ದು ರೇಗಳ ಹಲ್ಲುಗಳಂತೂ ಚೂಪಾಗಿರದೆ, ಒತ್ತೊತ್ತಾಗಿ ಜೋಡಿಸಿದ ಚಪ್ಪಟೆ ಪಟ್ಟಿಗಳಾಗಿರುತ್ತವೆ, ಮತ್ತು ಅವುಗಳ ಬೇರಿನಲ್ಲಿ ಸಾಲುಸಾಲು ತೋಡುಗಳಿರುತ್ತವೆ.

ಬಣ್ಣವನ್ನು ನಂಬಬಾರದು. ಹಲ್ಲು ಕಪ್ಪೋ ಕಂದೋ ಆಗುವುದು ಹೂತಿದ್ದ ಮಣ್ಣಿನ ಖನಿಜಗಳಿಂದ. ವಯಸ್ಸನ್ನು ಹೇಳುವುದು ಅದು ಇದ್ದ ಪದರ.

ಕರ್ನಾಟಕದ ಬಹುಭಾಗ ಅತಿಪ್ರಾಚೀನ ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದ ಕೂಡಿದ್ದು, ಕಲಾದಗಿ ಮತ್ತು ಭೀಮಾ ಪ್ರದೇಶದ ಪದರಶಿಲೆಗಳು ಸಹ ಮೀನುಗಳು ಹುಟ್ಟುವ ಮೊದಲಿನವಾದ್ದರಿಂದ ಅಲ್ಲಿ ಇಂಥ ಹಲ್ಲುಗಳನ್ನು ಹುಡುಕುವುದು ವ್ಯರ್ಥ. ಆದರೆ ನೆರೆಯ ತಮಿಳುನಾಡಿನ ಅರಿಯಲೂರು ಸುತ್ತಮುತ್ತ ಕ್ರಿಟೇಷಿಯಸ್ ಕಾಲದ ಕಡಲ ಪದರಗಳಿಂದ ಶಾರ್ಕ್ ಹಲ್ಲುಗಳು ದೊರೆತಿವೆ. ಎಲ್ಲೇ ಆಗಲಿ, ತುಣುಕು ಸಿಕ್ಕವರು ಅದನ್ನು ತೊಳೆಯುವ ಮೊದಲೇ ಸ್ಥಳ, ಪದರ ಮತ್ತು ದಿನಾಂಕಗಳನ್ನು ಬರೆದಿಟ್ಟುಕೊಂಡು, ಸಮೀಪದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ತೋರಿಸಬೇಕು.