ಕೂಡು ಮನೆಯಲ್ಲಿ ನಾಯಿಮರಿ

ಕಬ್ಬಿನ ಹೊಲದಂಚಿನಿಂದ ಬಾಲಕನೊಬ್ಬನು ನಾಯಿಮರಿಯನ್ನು ಎತ್ತಿಕೊಂಡು ಬರುವುದು ನಮ್ಮ ಉಗಾರ ಖುರ್ದದಲ್ಲಿ ಅಪರೂಪದ ಸಂಗತಿಯಲ್ಲ. ಆದರೆ ಅಜ್ಜ, ಅಜ್ಜಿ, ಕಾಕಾ, ಕಾಕು ಎಲ್ಲರೂ ಕೂಡಿ ಬಾಳುವ ಮನೆಯಲ್ಲಿ ಅದು ಅವನೊಬ್ಬನ ನಾಯಿಯಾಗಿ ಉಳಿಯದು.

ನಾಯಿಯು ಸಾಮಾನ್ಯವಾಗಿ 10ರಿಂದ 13 ವರ್ಷ ಬದುಕುತ್ತದೆ. ಐದನೆಯ ಇಯತ್ತೆಯಲ್ಲಿ ಮರಿಯನ್ನು ತಂದವನು ಮುಂದೆ ಓದಲು ಬೆಳಗಾವಿಗೋ ಸಾಂಗಲಿಗೋ ಹೋದರೆ, ಅದಕ್ಕೆ ರೊಟ್ಟಿ ಹಾಕಿ ಅಂಗಳ ತೊಳೆಯುವವರು ಯಾರು? ಬಹುಮಟ್ಟಿಗೆ ಆ ಭಾರವು ಮನೆಯ ಹೆಣ್ಣುಮಕ್ಕಳದೇ. ಆದುದರಿಂದ ಮೊದಲು ಅವರ ಒಪ್ಪಿಗೆ ಬೇಕು. ಬಳಿಕ ಉಬ್ಬಸವುಳ್ಳವರ, ನಾಯಿಗೆ ಅಂಜುವವರ ಮಾತನ್ನೂ ಆಲಿಸಬೇಕು. ಕೇಳಿ ತರಬೇಕು, ತಂದು ಕೇಳಬಾರದು.

ಖರ್ಚನ್ನೂ ಮೊದಲೇ ಹಂಚಿಕೊಳ್ಳಬೇಕು. ಮರಿಗೆ 3 ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆಯನ್ನೂ, ತರುವಾಯ ಪಶುವೈದ್ಯರು ಹೇಳಿದ ಕಾಲಕ್ಕೆ ಮರುಲಸಿಕೆಯನ್ನೂ ಹಾಕಿಸಬೇಕು. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಕೃಷ್ಣೆಯ ದಡದವರಿಗೆ ಇನ್ನೊಂದು ಪ್ರಶ್ನೆಯುಂಟು. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಈ ಭಾಗದ ಎಷ್ಟೋ ಕುಟುಂಬಗಳು ಮನೆ ತೊರೆಯಬೇಕಾಯಿತು. ಅಂತಹ ರಾತ್ರಿಯಲ್ಲಿ ಸರಪಳಿ ಬಿಚ್ಚುವ ಕೈ ಯಾರದು? ಎಲ್ಲರದು ಎಂಬ ನಾಯಿ ಅಂದು ಯಾರದೂ ಆಗದೆ ಹೋದೀತು. ಆ ಹೊಣೆ ಒಬ್ಬರ ಹೆಸರಿಗಿರಲಿ.

ಜೀವಿಗಳಲ್ಲಿ ದಯೆ ತೋರುವುದು ನಾಗರಿಕರ ಕರ್ತವ್ಯವೆಂದು 1976ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನದಲ್ಲಿ ಸೇರಿತು. ದಯೆಗೆ ಸಾಕುವುದೊಂದೇ ಮಾರ್ಗವಲ್ಲ. ಮನೆಯವರು ಒಪ್ಪದಿದ್ದರೆ, ಬೇಸಿಗೆಯಲ್ಲಿ ಬಾಗಿಲ ಹೊರಗೆ ಒಂದು ಪಾತ್ರೆ ನೀರಿಡುವುದೂ ದಯೆಯೇ ಆಗಿದೆ.